ಪ್ರಾರ್ಥನೆ ಹೊತ್ತಿನ ಕಾವಲು

ನಮ್ಮ ದ್ವೀಪದ ಲೋಟೊವಾಯಿ ಊರಲ್ಲಿ ಮುಖಂಡನೆನಿಸಿಕೊಂಡವನು ಓಡುವುದಿಲ್ಲ. ಓಡಿದನೆಂದರೆ ಯಾರೋ ಸತ್ತಿರಬೇಕು, ಇಲ್ಲವೇ ಕಡಲು ರಸ್ತೆಗೆ ಬಂದಿರಬೇಕು. ಆದ್ದರಿಂದ ನನ್ನ ಗಂಡ ಮಾನುಲೇಲೆ ಒಂದು ಬೆಳಿಗ್ಗೆ, ಆಕ್ಲೆಂಡಿನಿಂದ ಸೋದರಳಿಯ ಕಳಿಸಿದ್ದ ಹಸಿರು ಬೂಟು ಮೆಟ್ಟಿ, ಸೊಂಟಕ್ಕೆ ಸುತ್ತಿದ ಲಾವಾಲಾವಾ ಬಟ್ಟೆಯನ್ನು ಮಂಡಿ ಮೇಲಕ್ಕೆ ಎತ್ತಿ ಕಟ್ಟಿ, ರಸ್ತೆಗಿಳಿದು ಓಡತೊಡಗಿದಾಗ ಊರು ತಾನು ಮಾಡಬೇಕಾದ್ದನ್ನೇ ಮಾಡಿತು. ಹಿಂದೆಯೇ ಓಡಿತು.

ಬಟ್ಟೆ ಒಗೆಯುತ್ತಿದ್ದವರು ಬಟ್ಟೆ ಬಿಟ್ಟು ಬಂದರು. ಒಲೆಗೆ ಕಲ್ಲು ಜೋಡಿಸುತ್ತಿದ್ದ ಗಂಡಸರು ಮಸಿ ಕೈಯಲ್ಲೇ ಬಂದರು. ಶಾಲೆಯ ಹತ್ತಿರ ನಮ್ಮವರನ್ನು ಹಿಡಿದು ನಿಲ್ಲಿಸಿದಾಗ ಪಾಪ, ಉಸಿರೇ ಇರಲಿಲ್ಲ. ಸ್ವಲ್ಪ ತಾಳಿ ಎಂದು ಹೇಳಲು ಕೈ ಮೇಲೆತ್ತಿದರು. ಎತ್ತಿದ ಕೈ ಆಕಾಶ ತೋರಿಸುತ್ತಿತ್ತು.

"ಅಯ್ಯೋ, ಹಾಸಿಗೆ ಹಿಡಿದಿದ್ದ ಹಳೇ ಪಾದ್ರಿಗಳು ಹೋದ್ರು!" ಎಂದು ಎಪೆನೆಸಾ ಅಜ್ಜಿ ಎದೆ ಬಡಿದುಕೊಂಡಳು. ಊರಲ್ಲಿ ಹುಟ್ಟಿದ ಮಕ್ಕಳ ನೆತ್ತಿಗೂ ಉಳುಕಿದ ಕಾಲಿಗೂ ಎಣ್ಣೆ ತಿಕ್ಕುವವಳು ಅವಳೇ ಆದ್ದರಿಂದ ಅವಳ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಹೆಂಗಸರೆಲ್ಲ ಗೋಳೋ ಎಂದು ಅತ್ತರು. ಊರಿನ ಹಿರಿಯ ಮುಖಂಡ ಮುಲಿಪೋಲಾ ಜನರನ್ನು ಸರಿಸಿಕೊಂಡು ಮುಂದೆ ಬಂದರು.

"ಯಾವಾಗ ಹೋದ್ರು?"

"ಯಾರೂ... ಹೋಗಿಲ್ಲ," ಎಂದರು ನಮ್ಮವರು.

"ಯಾರೂ ಸತ್ತಿಲ್ವಾ?"

"ಇಲ್ಲ."

"ಮತ್ತೆ ಯಾಕ್ರೀ ಓಡಿದ್ರಿ?"

"ಡಾಕ್ಟರಮ್ಮ ಓಡಿ ಅಂದ್ರು."

"ಅಟ್ಟಿಸ್ಕೊಂಡು ಬಂದ್ಲಾ?"

ಯಾರೂ ಸತ್ತಿಲ್ಲವೆಂದು ಸಂತೋಷಪಟ್ಟವರು ಒಬ್ಬರಾದರೂ ಇದ್ದರೆ ನನ್ನ ಕಣ್ಣಿಗೆ ಬೀಳಲಿಲ್ಲ. ಸುಮ್ಮನೆ ಅತ್ತದ್ದಾಯಿತಲ್ಲ ಎಂದು ಎಲ್ಲರ ಮುಖವೂ ಹುಳ್ಳಗಾಗಿತ್ತು. ಎಪೆನೆಸಾ ಅಜ್ಜಿಯಂತೂ ಹಳೇ ಪಾದ್ರಿಗಳ ಮೇಲೆಯೇ ಮುನಿಸಿಕೊಂಡು ಮನೆಗೆ ಹೋದಳು.

ನಮ್ಮವರು ಮಾತುಗಾರ ಮುಖಂಡರು. ಮದುವೆ, ಸಾವು, ಹೊಸ ದೋಣಿ, ಯಾವುದಿದ್ದರೂ ಊರಿನ ಪರವಾಗಿ ಕೋಲು ಹಿಡಿದು, ಹೆಗಲ ಮೇಲೆ ನೊಣ ಓಡಿಸುವ ಚವರಿ ಹಾಕಿಕೊಂಡು ಮಾತಾಡುವುದು ಅವರ ಕೆಲಸ. ಮಾತು ಮುಗಿದ ಮೇಲೆ ಊಟ. ಮಾತು ಉದ್ದವಾದಷ್ಟೂ ಊಟ ದೊಡ್ಡದು. ಹೀಗೆ ಊರಿಗಾಗಿ ಮಾತಾಡಿ ಮಾತಾಡಿ ರಕ್ತದಲ್ಲಿ ಸಕ್ಕರೆ ಏರಿಸಿಕೊಂಡರು.

ಡಾಕ್ಟರಮ್ಮ ಮೊದಲು ಹೇಳಿದ್ದು ನಡೆಯಿರಿ ಎಂದೇ. ನಡೆದರು ಕೂಡ. ಆದರೆ ನಮ್ಮ ರಸ್ತೆಯಲ್ಲಿ ಮುಖಂಡ ನಡೆದು ಹೋಗುತ್ತಿದ್ದರೆ ಬರುವ ಗಾಡಿಯೆಲ್ಲ ನಿಲ್ಲುತ್ತದೆ. ಹತ್ತಿ ಎನ್ನುತ್ತಾರೆ. ಬೇಡವೆಂದರೆ ಅವಮಾನ. ವಾಕಿಂಗಿಗೆ ಹೋದವರು ದಿನವೂ ಯಾರದೋ ಪಿಕಪ್ಪಿನಲ್ಲಿ ಕೂತು ವಾಪಸು ಬರುತ್ತಿದ್ದರು. ಕೆಲವೊಮ್ಮೆ ಕೈಯಲ್ಲಿ ಬನ್ನಿನ ಪೊಟ್ಟಣವೂ ಇರುತ್ತಿತ್ತು. ಇದನ್ನು ಕೇಳಿದ ಡಾಕ್ಟರಮ್ಮ ತಲೆ ಚಚ್ಚಿಕೊಂಡು, ಹಾಗಾದರೆ ಯಾರೂ ಹತ್ತಿ ಎನ್ನದ ಹಾಗೆ ಓಡಿ ಎಂದಳಂತೆ.

ನೀವು ನಗಬಹುದು. ನಾನೂ ನಗುತ್ತಿದ್ದೆ, ಮನೆ ಎದುರಿಗೆ ಭಾವ ಇಲ್ಲದಿದ್ದರೆ. ನಮ್ಮವರ ಅಣ್ಣ ಸಿಯೋಗೆ ಎಡಗಾಲು ಮಂಡಿಯಿಂದ ಕೆಳಗಿಲ್ಲ. ಸಣ್ಣದೊಂದು ಮುಳ್ಳಿನ ಗಾಯದಿಂದ ಶುರುವಾಗಿದ್ದು ಅದು. ಸಕ್ಕರೆ ಇದ್ದವರ ಗಾಯ ಮಾಯುವುದಿಲ್ಲವೆಂದು ಆಗ ನಮಗ್ಯಾರಿಗೂ ಬುದ್ಧಿ ಇರಲಿಲ್ಲ. ಕೂತು ಮಾಡುವ ಕೆಲಸವೆಂದು ಊರಿನವರು ಭಾವನಿಗೆ ಗಂಟೆ ಹೊಡೆಯುವುದನ್ನು ಒಪ್ಪಿಸಿದ್ದಾರೆ. ಗಂಟೆಯೆಂದರೆ ನಮ್ಮ ಮನೆ ಎದುರಿನ ಚರ್ಚಿನ ಪಕ್ಕದ ಮರಕ್ಕೆ ನೇತು ಹಾಕಿದ ಖಾಲಿ ಗ್ಯಾಸ್ ಸಿಲಿಂಡರು. ಭಾವ ಅದರ ಕೆಳಗಿನ ಕಲ್ಲಿನ ಮೇಲೆ ಕೂತು, ಕಬ್ಬಿಣದ ಸಲಾಕೆ ತೊಡೆ ಮೇಲಿಟ್ಟುಕೊಂಡು, ರಸ್ತೆ ನೋಡುತ್ತಾರೆ. ಅವರ ಹೊಡೆತ ಒಂದು ದಿನವೂ ತಡವಾದದ್ದಿಲ್ಲ.

ಮಾರನೆಯ ದಿನ ಬೇಡ ಎಂದೆ. ನಮ್ಮವರು ಕಿವಿಗೆ ಹಾಕಿಕೊಳ್ಳಲಿಲ್ಲ. ಊರೆಲ್ಲ ನಕ್ಕ ಮೇಲೆ ಮನೆಯಲ್ಲಿ ಕೂತರೆ ಸೋತಂತೆ ಎಂದು ಹಟ. ಹೊಸ ಓಟಗಾರರಿಗೆಲ್ಲ ಇರುವ ರೋಗ ಇದು ಎಂದು ಡಾಕ್ಟರಮ್ಮ ಆಮೇಲೆ ಹೇಳಿದಳು: ಕಾಲಿಗಿಂತ ಮೊದಲು ತಲೆ ಓಡುತ್ತದೆ. ಇವರು ಎರಡನೇ ದಿನವೇ ಮೊದಲ ದಿನಕ್ಕಿಂತ ಜೋರಾಗಿ ಓಡಿದರು. ತಿರುವಿನಲ್ಲಿ ಮುಲಿಪೋಲಾ ಅವರ ಹೆಣ್ಣು ಹಂದಿ ಮರಿಗಳ ಸಮೇತ ರಸ್ತೆ ದಾಟುತ್ತಿತ್ತು. ಹಂದಿ ನಿಂತಿತು, ನಮ್ಮವರಿಗೆ ನಿಲ್ಲಲು ಆಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಊದಿದ ಕಣಕಾಲನ್ನು ಒತ್ತಿ ನೋಡಿದಳು.

"ಮೂಳೆಗೇನೂ ಆಗಿಲ್ಲ, ಉಳುಕು ಅಷ್ಟೇ. ಸ್ವಲ್ಪ ದಿನ ಕಾಲು ಎತ್ತರದಲ್ಲಿಟ್ಟು ಕೂತ್ಕೊಳ್ಳಿ. ಆಮೇಲೆ ನಿಧಾನಕ್ಕೆ ನಡೀರಿ. ಆಮೇಲೆ ಇನ್ನೂ ನಿಧಾನಕ್ಕೆ ಓಡಿ. ಮೊದಲನೇ ವಾರಾನೇ ದ್ವೀಪ ಸುತ್ತಿ ಅಂದೋರು ಯಾರು ನಿಮಗೆ?" ಎನ್ನುತ್ತ ಇನ್ನೊಂದು ಬೂಟನ್ನೂ ಕಳಚಿ, ಹಿಮ್ಮಡಿಯ ಮೇಲೆ ಬಗ್ಗಿದಳು. "ಇದೇನಿದು?"

"ಹೊಸ ಬೂಟು ಕಚ್ಚಿದೆ, ಬೊಬ್ಬೆ ಬಂದು ಒಡೀತು. ಅದೇನು ಬಿಡಿ, ಹೋಗುತ್ತೆ," ಎಂದರು ನಮ್ಮವರು.

"ಉಳುಕು ತಾನಾಗೇ ಹೋಗುತ್ತೆ. ಇದು ಹೋಗಲ್ಲ. ನಿಮ್ಮ ಸಕ್ಕರೆ ಇಳಿದ್ರೆ ಮಾತ್ರ ಹೋಗುತ್ತೆ." ಆಮೇಲೆ ನನ್ನ ಕಡೆ ತಿರುಗಿದಳು. "ಸಿಲಿಯಾ ಅಕ್ಕ, ನಿಮ್ಮ ಭಾವಂದೂ ಮೊದಲು ಇಷ್ಟೇ ಇತ್ತು. ಮುಂದಿನ ತಿಂಗಳು ಕರ್ಕೊಂಡು ಬನ್ನಿ. ಬಾಯಿಗೆ ಬೀಗ ಹಾಕಿ ಕರ್ಕೊಂಡು ಬನ್ನಿ."

ವಾಪಸು ಬರುವ ಬಸ್ಸಿನಲ್ಲಿ ನಮ್ಮವರು ಉಳುಕಿದ ಕಾಲನ್ನು ಎದುರಿನ ಸೀಟಿನ ಮೇಲೆ ಚಾಚಿ, ಹಂದಿಯ ಕಥೆಯನ್ನು ಎಲ್ಲರಿಗೂ ಬಣ್ಣ ಕಟ್ಟಿ ಹೇಳುತ್ತಿದ್ದರು. ನಾನು ಮಾತ್ರ ಆ ಇನ್ನೊಂದು ಹಿಮ್ಮಡಿಯನ್ನೇ ನೋಡುತ್ತಿದ್ದೆ.

ನಮ್ಮೂರಲ್ಲಿ ಆರೋಗ್ಯವಾಗಿದ್ದವರಿಗೆ ಊಟ ಸಿಗುತ್ತದೆ, ಕಾಯಿಲೆಯವರಿಗೆ ಔತಣ ಸಿಗುತ್ತದೆ. ಮುಖಂಡ ಮಲಗಿದ್ದಾನೆಂದರೆ ಕೇಳುವುದೇ ಬೇಡ. ತೆಂಗಿನ ಹಾಲಿನ ಸಿಹಿ ಬನ್ನು ಬಂತು, ಕೋಕೋ ಹಾಕಿದ ಸಿಹಿ ಅನ್ನ ಬಂತು, ಡಬ್ಬಿ ಮಾಂಸ, ಕೆಸುವಿನ ಗಡ್ಡೆ, ಬುಟ್ಟಿ ಬುಟ್ಟಿ ಬಂತು. ತಂದವರು ಚಾಪೆಯ ಮೇಲೆ ಕೂತು ಕುಶಲ ಕೇಳುತ್ತಾರೆ. ತಂದದ್ದನ್ನು ಅವರ ಎದುರಿಗೇ ತಿನ್ನಬೇಕು. ತಿಂದ ಮೇಲೆ ನಮ್ಮವರು ಕೃತಜ್ಞತೆ ಹೇಳಿ ಭಾಷಣ ಮಾಡಬೇಕು, ಭಾಷಣ ಕೇಳಿ ಅವರು ಮತ್ತಷ್ಟು ಬಡಿಸಬೇಕು.

ಬಂದವರೆಲ್ಲ ವೈದ್ಯರೇ. ಒಬ್ಬ ಕಡಲ ನೀರಲ್ಲಿ ಕಾಲಿಡಿ ಎಂದ, ಇನ್ನೊಬ್ಬ ಕಡಲ ನೀರು ಸೋಕಲೇ ಬಾರದು ಎಂದ. ಮುಲಿಪೋಲಾ ಅವರ ಹೆಂಡತಿ ಬಂದು, ರಸ್ತೆ ಬದಿಯ ಗೋರಿಗಳ ಮುಂದೆ ಹಸಿರು ಬೂಟು ಹಾಕಿಕೊಂಡು ಓಡಿದರೆ ಸತ್ತವರಿಗೆ ಸಿಟ್ಟು ಬಾರದೇ ಇರುತ್ತದೆಯೇ ಎಂದಳು. ಹಂದಿ ತಮ್ಮದು ಎಂಬುದನ್ನು ಎತ್ತಲಿಲ್ಲ. ಎಪೆನೆಸಾ ಅಜ್ಜಿ ಎಣ್ಣೆ ಬಟ್ಟಲು ಹಿಡಿದು ಬಂದು ಕಣಕಾಲಿಗೆ ಎರಡೂ ಹೆಬ್ಬೆರಳು ಊರಿದಳು. ನಮ್ಮವರು ಚೀರಿದ್ದು ಕೇಳಿ ಬೀದಿ ನಾಯಿಗಳು ಬೊಗಳಿದವು.

"ನರ ಹಾದಿ ತಪ್ಪಿ ಮೇಲಕ್ಕೆ ಹತ್ತಿದೆ ಮಗನೇ. ಕೆಳಗಿಳಿಸ್ತೀನಿ ಇರು."

"ಅಜ್ಜೀ, ಡಾಕ್ಟರಮ್ಮ ಮುಟ್ಟಬೇಡಿ ಅಂದವ್ರೆ," ಎಂದೆ.

"ಅವಳು ಹುಟ್ಟಿದಾಗ ಅವಳ ನೆತ್ತಿಗೆ ಎಣ್ಣೆ ತಿಕ್ಕಿದ್ದೋಳು ನಾನು ಕಣೇ!"

ಇಷ್ಟು ಜನರಲ್ಲಿ ಒಬ್ಬರೂ ಹಿಮ್ಮಡಿ ನೋಡಲಿಲ್ಲ. ಕುಂಬಳಕಾಯಿಯಷ್ಟು ಊದಿದ ಕಣಕಾಲು ಇರುವಾಗ ಆ ಚೂರು ಗಾಯವನ್ನು ಯಾರು ಕೇಳುತ್ತಾರೆ? ನಾನು ದಿನವೂ ಅದನ್ನು ತೊಳೆದು, ಒರೆಸಿ, ಶುಭ್ರ ಬಟ್ಟೆ ಕಟ್ಟುತ್ತಿದ್ದೆ. ಉಳಿದಂತೆ ಕಳ್ಳಿಯಾದೆ. ಬಂದವರ ಬೆನ್ನು ತಿರುಗುತ್ತಲೇ ತಟ್ಟೆ ಕಿತ್ತುಕೊಂಡು ಹಿತ್ತಲಿನ ಹಂದಿಗೆ ಸುರಿಯುತ್ತಿದ್ದೆ. ನಮ್ಮವರು ಗೊಣಗುತ್ತಿದ್ದರು. ಹಂದಿ ಗೊಣಗಲಿಲ್ಲ.

ಊತ ಇಳಿಯುವ ಹೊತ್ತಿಗೆ ಮುಖಂಡರ ಸಭೆ ಕರೆ ಕಳಿಸಿತು. ಮುಖಂಡನ ಮರ್ಯಾದೆ ರಸ್ತೆಯಲ್ಲಿ ಚೆಲ್ಲಿದ್ದಕ್ಕೆ, ಸಾಯದವರಿಗಾಗಿ ಊರು ಅಳುವಂತೆ ಮಾಡಿದ್ದಕ್ಕೆ ದಂಡ. ಒಂದು ಹಂದಿ, ಮೀನಿನ ಡಬ್ಬಿಗಳ ಒಂದು ಪೆಟ್ಟಿಗೆ. ಇನ್ನು ಮೇಲೆ ಮುಖಂಡರು ರಸ್ತೆಯಲ್ಲಿ ಓಡುವಂತಿಲ್ಲ. ಹಿತ್ತಲಿನದು ಬನ್ನು ತಿನ್ನಲು ಬೇಕಿತ್ತು, ನನ್ನ ತಮ್ಮನ ಮನೆಯ ಹಂದಿ ಹಿಡಿದು ಕೊಟ್ಟೆವು. ಅದನ್ನು ಅಲ್ಲೇ ಸುಟ್ಟು ಎಲ್ಲರೂ ಕೂತು ತಿಂದರು. ಅಪರಾಧಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವಷ್ಟು ಕಟುಕರಲ್ಲ ನಮ್ಮೂರಿನವರು. ಮಾತುಗಾರನ ಪಾಲು ಎಂದು ದೊಡ್ಡ ತುಂಡನ್ನೇ ಎಲೆಗೆ ಹಾಕಿ, ಮುಗಿಸುವವರೆಗೆ ಪಕ್ಕದಲ್ಲಿ ಕೂತಿದ್ದರು. ಸಕ್ಕರೆ ಇಳಿಸಲು ಓಡಿದವರಿಗೆ ಓಡಿದ ತಪ್ಪಿಗೆ ತಿನ್ನುವ ಶಿಕ್ಷೆ.

ಮನೆಗೆ ಬಂದವರನ್ನು ಕೂರಿಸಿ ಬಾಯಿಗೆ ಬಂದಂತೆ ಬೈದೆ.

"ನಾಲ್ಕೂರಿಗೆ ಬುದ್ಧಿ ಹೇಳೋ ಬಾಯಿಗೆ ಬೇಡ ಅನ್ನೋ ಒಂದು ಮಾತು ಬರಲ್ವೇನ್ರೀ?"

"ಅವರು ಪ್ರೀತಿಯಿಂದ ಕೊಟ್ಟಿದ್ದು ಕಣೇ ಸಿಲಿಯಾ."

"ಭಾವಂಗೂ ಪ್ರೀತಿಯಿಂದಾನೇ ಕೊಟ್ರು. ಕಾಲು ತಗೊಂಡ್ರು."

ಅವರು ಬಗ್ಗಿ ಹಿಮ್ಮಡಿಯ ಬಟ್ಟೆ ಬಿಗಿ ಮಾಡಿಕೊಂಡರು. "ನನಗೂ ಭಯ ಆಗುತ್ತೆ ಕಣೇ," ಎಂದರು.

ಅಷ್ಟರಲ್ಲಿ ಸಂಜೆಯ ಮೊದಲ ಗಂಟೆಯಾಯಿತು. ದಿನವೂ ಹೊತ್ತು ಮುಳುಗುವಾಗ ಭಾವ ಗಂಟೆ ಹೊಡೆಯುತ್ತಾರೆ. ಮನೆಮನೆಯಲ್ಲಿ ಪ್ರಾರ್ಥನೆ. ಕೊನೆಯ ಗಂಟೆ ಆಗುವವರೆಗೆ ರಸ್ತೆಯಲ್ಲಿ ಯಾರೂ ಕಾಲಿಡುವಂತಿಲ್ಲ, ಬಸ್ಸು ಬಂದರೂ ಊರ ಗಡಿಯಲ್ಲೇ ನಿಲ್ಲಬೇಕು. ಕೋಲು ಹಿಡಿದ ಕಾವಲುಗಾರರು ಮಾತ್ರ ರಸ್ತೆಯಲ್ಲಿರುತ್ತಾರೆ. ನಾನು ತಲೆ ಬಗ್ಗಿಸಿದೆ, ಆದರೆ ಕಣ್ಣು ರಸ್ತೆಯ ಮೇಲೇ ಇತ್ತು. ಗಾಡಿಯಿಲ್ಲ. ಹತ್ತಿ ಎನ್ನುವವರಿಲ್ಲ. ಬನ್ನು ಹಿಡಿದು ಬರುವವರಿಲ್ಲ. ದೇವರು ಇಷ್ಟು ಚೆನ್ನಾಗಿ ರಸ್ತೆ ಖಾಲಿ ಮಾಡಿಟ್ಟಿರುವುದು ಮತ್ತೆ ಯಾರಿಗಾಗಿ ಎನಿಸಿತು.

ಮರುದಿನವೇ ಮುಲಿಪೋಲಾ ಅವರ ಮನೆಗೆ ಹೋಗಿ ಚಾಪೆಯ ಅಂಚಿನಲ್ಲಿ ಕೂತೆ.

"ಯಜಮಾನ್ರೇ, ನಮ್ಮವರು ಊರಿಗೆ ಮಾಡಿದ್ದು ಸಣ್ಣ ತಪ್ಪಲ್ಲ. ಬರೀ ಹಂದಿಗೆ ತೀರಲ್ಲ ಅದು. ದಿನಾ ಸಂಜೆ ಕಾವಲು ಕಾಯೋ ಶಿಕ್ಷೆ ಕೊಡಿ."

ಮುಲಿಪೋಲಾಗೆ ಸಂತೋಷವಾಯಿತು. ಶಿಕ್ಷೆ ಕೇಳಿಕೊಂಡು ಬರುವವರು ದಿನಾ ಸಿಗುವುದಿಲ್ಲ. "ಆಗಲಿ, ಚರ್ಚಿನ ಹತ್ರ ನಿಂತ್ಕೊಳ್ಳಲಿ."

"ಚರ್ಚಿಂದ ಹಳ್ಳದವರೆಗೂ ಒಬ್ಬರೇ ನೋಡ್ಕೊಳ್ಳಲಿ. ಶಿಕ್ಷೆ ಅಂದ್ಮೇಲೆ ಶಿಕ್ಷೆ."

"ಒಬ್ಬನೇ? ಈ ಕಡೆ ಇದ್ದಾಗ ಆ ಕಡೆ ಯಾವನಾದ್ರೂ ರಸ್ತೆಗಿಳಿದ್ರೆ?"

"ಬೇಗ ಬೇಗ ಹೋಗ್ಬೇಕಾಗುತ್ತೆ," ಎಂದು ನಾನು ನೆಲ ನೋಡಿದೆ.

ಮುಖಂಡರು ಓಡಬಾರದೆಂದು ನಿರ್ಣಯ ಮಾಡಿದ್ದು ಮುಲಿಪೋಲಾ ಅವರೇ, ಮುರಿಯುವಂತಿಲ್ಲ. ಆದರೆ ಸಿಯೋ ಭಾವನನ್ನು ಅಂದು ಆಸ್ಪತ್ರೆಗೆ ಹೊತ್ತುಕೊಂಡು ಹೋದವರಲ್ಲಿ ಅವರೂ ಒಬ್ಬರು.

"ಪ್ರಾರ್ಥನೆ ಹೊತ್ತಲ್ಲಿ ಊರೆಲ್ಲ ಕಣ್ಮುಚ್ಕೊಂಡಿರುತ್ತೆ," ಎಂದರು ಕೊನೆಗೆ. "ರಸ್ತೇಲಿ ಕಾವಲುಗಾರ ನಡೀತಾನೋ ಕುಣೀತಾನೋ, ನೋಡಿದೋರು ಯಾರು? ಕೊನೇ ಗಂಟೆ ಆದ್ಮೇಲೆ ಮಾತ್ರ ಕಣ್ ಬಿಡ್ತೀವಿ. ಆಗ ಓಡೋದು ಕಂಡ್ರೆ ಮತ್ತೆ ಹಂದಿ."

ಹಿಮ್ಮಡಿಯ ಗಾಯ ಮಾಯುವವರೆಗೆ ನಾನು ಓಡಲು ಬಿಡಲಿಲ್ಲ. ಅಷ್ಟು ದಿನ ನಮ್ಮವರು ಚರ್ಚಿನ ಮುಂದೆ ಕೋಲು ಊರಿ ಕೂತೇ ಕಾವಲು ಕಾದರು. ಮನೆಗೆ ಬರುವ ಬುಟ್ಟಿಗಳಿಗೂ, ಶಿಕ್ಷೆಯಲ್ಲಿರುವವರಿಗೆ ಸಿಹಿ ಸಲ್ಲದು ಎಂದು ನಾನೇ ಒಂದು ಶಾಸ್ತ್ರ ಹುಟ್ಟಿಸಿ ತಡೆ ಹಾಕಿದೆ. ಯಾರೂ ಕೇಳಿರದ ಶಾಸ್ತ್ರ. ಆದರೆ ಗಟ್ಟಿಯಾಗಿ ಹೇಳಿದ್ದರಿಂದ ಎಲ್ಲರೂ ಒಪ್ಪಿದರು. ಗಾಯದ ಮೇಲೆ ಹೊಸ ಚರ್ಮ ಬಂದಾಗ ಬೂಟಿನ ಒಳಗೆ ಮೆತ್ತನೆ ಬಟ್ಟೆ ಹೊಲಿದು ಕೊಟ್ಟೆ. ಮೊದಲು ನಡೆದರು, ಶಾಲೆಯ ತನಕ. ಆಮೇಲೆ ಜೀಗುಜ್ಜೆ ಮರದ ತನಕ. ಆಮೇಲೆ ಸ್ವಲ್ಪ ನಡೆದು ಸ್ವಲ್ಪ ಓಡಿದರು. ನಾಯಿಗಳು ಮಾತ್ರ ಯಾವ ಚರ್ಚಿಗೂ ಸೇರದವು, ಅಟ್ಟಿಸಿಕೊಂಡು ಬರುತ್ತಿದ್ದವು. ಅವಕ್ಕೆ ಕೋಲಿತ್ತು.

ನಮ್ಮ ಮನೆಗಳಿಗೆ ಗೋಡೆಯಿಲ್ಲ, ಕಂಬಗಳಷ್ಟೇ. ಚಾಪೆಯ ಮೇಲೆ ತಲೆ ಬಗ್ಗಿಸಿ ಕೂತವರಿಗೆ ರಸ್ತೆಯ ಕಲ್ಲು ಕಲ್ಲೂ ಕಾಣುತ್ತದೆ. ಊರು ಅಷ್ಟೊಂದು ಭಕ್ತಿಯಿಂದ ಸಂಜೆಗಾಗಿ ಕಾದದ್ದನ್ನು ನಾನು ಕಂಡಿರಲಿಲ್ಲ. ನೋಡಿದೆ ಎಂದು ಒಪ್ಪಿಕೊಳ್ಳುವಂತಿಲ್ಲವಲ್ಲ, ಹಾಗಾಗಿ ಬಾವಿಕಟ್ಟೆಯಲ್ಲಿ ಮಾತು ವಿಚಿತ್ರವಾಗಿ ಸಾಗುತ್ತಿತ್ತು.

"ಸುಮ್ನೆ ಹೇಳ್ತೀನಿ ಸಿಲಿಯಾ, ಯಾರಾದ್ರೂ ಓಡ್ತಿದ್ರೆ ಅವರು ಕೈನ ಅಷ್ಟೊಂದು ಬೀಸಬಾರ್ದಪ್ಪ," ಎನ್ನುತ್ತಿದ್ದಳು ಒಬ್ಬಳು.

"ನಾನಂತೂ ಕಣ್ಣೇ ಬಿಟ್ಟಿಲ್ಲ. ಆದ್ರೆ ಬಲಗಾಲು ಇನ್ನೂ ಎಳೀತಾ ಇದೆ ಅನ್ಸುತ್ತೆ," ಎಂದಳು ಎಪೆನೆಸಾ ಅಜ್ಜಿ. "ನರ ನಾನೇ ಇಳಿಸಿದ್ದಕ್ಕೆ ಅಷ್ಟಾದ್ರೂ ಆಗಿದೆ."

ಆಸ್ಪತ್ರೆಗೆ ಹೋಗುವ ಹಿಂದಿನ ಸಂಜೆ ನಮ್ಮವರು ಹಳ್ಳದವರೆಗೂ ಓಡಿಯೇ ಹೋಗಿ ಓಡಿಯೇ ಬರುತ್ತೇನೆಂದರು. ಬೇಡ ಎನ್ನಲು ಬಾಯಿ ತೆರೆದೆ. ಮುಖ ನೋಡಿ ಮುಚ್ಚಿದೆ. ಇದು ಮೊದಲಿನ ಹಟವಾಗಿರಲಿಲ್ಲ. ನಿಧಾನವಾಗಿ ಹೊರಟರು. ಆ ನಿಧಾನದಲ್ಲೇ ತಿರುವು ದಾಟಿ ಮರೆಯಾದರು.

ನಾನು ಹಾಡಿದೆ, ಏನು ಹಾಡಿದೆನೋ ಗೊತ್ತಿಲ್ಲ. ಹಾಡು ಮುಗಿಯಿತು, ವಾಕ್ಯ ಓದಿದ್ದಾಯಿತು, ಪ್ರಾರ್ಥನೆಯೂ ಮುಗಿಯುತ್ತ ಬಂತು. ತಿರುವಿನಲ್ಲಿ ಯಾರೂ ಇಲ್ಲ. ಕಾಲು ಮತ್ತೆ ಉಳುಕಿತೇ? ಗಾಯ ಒಡೆಯಿತೇ? ಎದುರಿಗೆ ಭಾವ ಸಲಾಕೆ ಎತ್ತಿದರು. ಅವರ ಹೊಡೆತ ತಡವಾದದ್ದೇ ಇಲ್ಲ ಎಂದೆನಲ್ಲ. ಗಂಟೆಯಾದರೆ ಊರು ಕಣ್ಣು ಬಿಡುತ್ತದೆ, ಬಸ್ಸು ನುಗ್ಗುತ್ತದೆ, ನಡುರಸ್ತೆಯಲ್ಲಿ ಕುಂಟುತ್ತ ಓಡುವ ಮುಖಂಡ ಸಿಕ್ಕಿಬೀಳುತ್ತಾನೆ. ಇನ್ನೊಂದು ಸಭೆ ಕೂತರೆ ಈ ಕಾವಲೂ ಹೋಗುತ್ತದೆ. ಮತ್ತೆ ಪಿಕಪ್ಪು, ಮತ್ತೆ ಬನ್ನು. ಆಮೇಲಿನದ್ದು ಎದುರಿಗೇ ಕಲ್ಲಿನ ಮೇಲೆ ಕೂತಿತ್ತು.

ಭಾವ ಎತ್ತಿದ ಸಲಾಕೆಯನ್ನು ಹಾಗೇ ಹಿಡಿದಿದ್ದರು. ಹೊಡೆಯಲಿಲ್ಲ.

ಊರು ಕಾದಿತು. ಗಂಟೆಯಾಗದೆ ಎದ್ದೇಳುವಂತಿಲ್ಲ. ಮೊದಲು ಮುಲಿಪೋಲಾ ಅವರ ಮನೆಯಿಂದ ಇನ್ನೊಂದು ಹಾಡು ಎದ್ದಿತು, ಚರಣಗಳೇ ಮುಗಿಯದಂಥ ಹಾಡು. ಪಕ್ಕದ ಮನೆ ಸೇರಿಕೊಂಡಿತು, ಅದರ ಪಕ್ಕದ ಮನೆಯೂ. ಮಕ್ಕಳು ಹಸಿವೆ ಎಂದು ಅತ್ತವು. ಯಾರದೋ ಒಲೆಯ ಮೇಲೆ ಅನ್ನ ಸೀದ ವಾಸನೆ ರಸ್ತೆಗೆ ಬಂತು. ಊರ ಗಡಿಯಲ್ಲಿ ಬಸ್ಸಿನವನು ಹಾರನ್ ಒತ್ತಿ ಒತ್ತಿ ಸುಸ್ತಾದ. ಸಲಾಕೆ ಹಿಡಿದ ಭಾವನ ತೋಳು ನಡುಗುವುದು ನನಗೆ ಕಾಣುತ್ತಿತ್ತು.

ಆಮೇಲೆ ತಿರುವಿನಲ್ಲಿ ಹಸಿರು ಬೂಟು ಕಂಡಿತು. ಓಟ ಎನ್ನಲು ನಾಚಿಕೆಯಾಗಬೇಕು, ಅಷ್ಟು ನಿಧಾನ. ಆದರೂ ಓಡುತ್ತಿದ್ದರು. ಅವರು ಹಾದು ಹೋದ ಮನೆಮನೆಯಲ್ಲೂ ಹಾಡು ಜೋರಾಯಿತು. ಒಬ್ಬರೂ ತಲೆ ಎತ್ತಲಿಲ್ಲ. ಅಷ್ಟೂ ಜನ ಕಣ್ಣು ಬಿಟ್ಟುಕೊಂಡೇ ಕಣ್ಣು ಮುಚ್ಚಿದ್ದರು. ನಮ್ಮವರು ಚರ್ಚಿನ ಮುಂದೆ ಬಂದು, ನಿಂತು, ಕೋಲು ಊರಿ, ಕಾವಲುಗಾರನ ಮುಖ ಹಾಕಿಕೊಂಡ ಮೇಲೆ ಭಾವನ ಸಲಾಕೆ ಸಿಲಿಂಡರಿಗೆ ಬಡಿಯಿತು. ನಾನು ಜೋರಾಗಿ ಅತ್ತುಬಿಟ್ಟೆ.

ಮಾರನೆಯ ದಿನ ಡಾಕ್ಟರಮ್ಮ ಹಿಮ್ಮಡಿ ಒತ್ತಿ, ರಕ್ತ ನೋಡಿ, ಸಕ್ಕರೆ ಇಳಿದಿದೆ, ಇದೇ ದಾರಿ ಬಿಡಬೇಡಿ ಎಂದಳು. ಎಲ್ಲಿ ಓಡುತ್ತೀರಿ ಎಂದು ಕೇಳಿದಳು. ಓಡುವುದೇ? ನಮ್ಮೂರಲ್ಲಿ ಮುಖಂಡರು ಓಡುವುದಿಲ್ಲ ಎಂದರು ನಮ್ಮವರು.

ವಾಪಸು ಬರುವಷ್ಟರಲ್ಲಿ ಸಭೆ ಕೂತಿತ್ತು. ಈ ಸಲ ಅಪರಾಧಿ ಭಾವ. ಗಂಟೆ ತಡವಾಗಿ ಹೊಡೆದದ್ದಕ್ಕೆ, ಊರಿನ ಅನ್ನವೆಲ್ಲ ಸೀಯಿಸಿದ್ದಕ್ಕೆ ಒಂದು ಹಂದಿ ದಂಡ. ಯಾಕೆ ತಡವಾಯಿತೆಂದು ಮುಲಿಪೋಲಾ ಕೇಳಲೂ ಇಲ್ಲ. ತಾವೇ ಎತ್ತಿದ ಹಾಡಿನಿಂದ ಗಂಟಲು ಕಟ್ಟಿ ಅವರಿಗೆ ದನಿಯೇ ಬರುತ್ತಿರಲಿಲ್ಲ. ಹಿತ್ತಲಿನ ಹಂದಿಯನ್ನು ನಾನೇ ಹೊಡೆದುಕೊಂಡು ಹೋದೆ. ಅಷ್ಟು ದಿನದ ಬನ್ನು ತಿಂದು ಅದಕ್ಕೆ ನಡೆಯಲೂ ಆಗುತ್ತಿರಲಿಲ್ಲ.

ದಾರಿಯಲ್ಲಿ ಭಾವ ಕಲ್ಲಿನ ಮೇಲೆ ಕೂತು ತೋಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

"ಭಾವ, ನಿಮ್ಮ ದಂಡ ಹೋಗ್ತಾ ಇದೆ ನೋಡಿ," ಎಂದೆ. "ಅಷ್ಟು ಹೊತ್ತು ಕೈ ಎತ್ಕೊಂಡೇ ಇದ್ರಲ್ಲ, ಇಳಿಸಬಾರ್ದಿತ್ತಾ?"

"ಇಳಿಸಿದ್ರೆ ಎಲ್ಲಿ ಹೊಡೆದುಬಿಡ್ತೀನೋ ಅಂತ ಹೆದರಿಕೆ ಆಯ್ತಮ್ಮ." ಅವರು ಹಳ್ಳದ ಕಡೆ ನೋಡಿದರು. "ನಾನೊಬ್ನೇ ನಿಜವಾಗ್ಲೂ ಕಣ್ಮುಚ್ಕೊಂಡಿದ್ದು. ತಮ್ಮನ ಹೆಜ್ಜೆಗೆ ಕಿವಿ ಕೊಟ್ಟು ಕಾಯ್ತಾ ಇದ್ದೆ. ತಿರುವಿನ ಹತ್ರ ಬಂದಾಗ ಎರಡು ಕಾಲಿನ ಸದ್ದೂ ಕೇಳಿಸ್ತು ಸಿಲಿಯಾ. ಎರಡೂ. ಅದು ಮನೆ ಮುಟ್ಟೋವರ್ಗೂ ಹೆಂಗಮ್ಮ ಹೊಡೀಲಿ?"

ಎಣ್ಣೆ ಬಟ್ಟಲು ತೆಗೆದುಕೊಂಡು ಅವರ ತೋಳು ತಿಕ್ಕುತ್ತ ಅಲ್ಲೇ ಕೂತೆ. ಹಂದಿಯೂ ಪಕ್ಕದಲ್ಲಿ ಕೂತಿತು.